ಪರದೆಯಲ್ಲಿ ಉಳಿದ ಊರು

"ಅದನ್ನ ಯಾಕೆ ಯಾವಾಗ್ಲೂ ಬೋರಲು ಹಾಕ್ತೀಯ?"

ಇನ್ಸು ಸೂಪಿನ ಬಟ್ಟಲಿನಿಂದ ತಲೆ ಎತ್ತಲಿಲ್ಲ. "ಯಾವುದನ್ನ?"

"ಫೋನನ್ನ."

"ಬ್ಯಾಟರಿ ಉಳಿಯುತ್ತೆ."

"ಆಹಾ! ಆಲ್ವೇಸ್ ಆನ್ ಡಿಸ್‌ಪ್ಲೇ ಇದ್ರೂ ಬ್ಯಾಟರಿ ಏನೂ ಖರ್ಚಾಗಲ್ಲ ಅಂತ ಮೀಟಿಂಗಲ್ಲಿ ಭಾಷಣ ಬಿಗಿಯೋರು ಯಾರಪ್ಪಾ?"

"ಅದು ಗಿರಾಕಿಗಳಿಗೆ ಹೇಳೋದು. ನಿನ್ನ ಸೂಪು ಆರ್ತಿದೆ, ಕುಡಿ."

ಹೇಳುತ್ತಲೇ ಮೂಲಂಗಿ ಕಿಮ್ಚಿಯ ದಪ್ಪ ತುಂಡುಗಳನ್ನು ಕತ್ತರಿಯಿಂದ ಚಿಕ್ಕದಾಗಿ ಕತ್ತರಿಸಿ ನನ್ನ ಕಡೆ ತಳ್ಳಿದ. ನನ್ನ ಬಾಯಿ ಚಿಕ್ಕದು, ಮಾತು ಮಾತ್ರ ದೊಡ್ಡದು ಎಂದು ಅವನ ಆರೋಪ. ಕತ್ತರಿಸುವಾಗ ಅವನ ತುಟಿಯ ಎಡಮೂಲೆಯಲ್ಲಿ ಒಂದು ನಗು ಬಂದು ಕೂರುತ್ತದೆ. ಆ ನಗುವನ್ನು ನಾನು ಕದ್ದು ನೋಡುವುದು ಅವನಿಗೆ ಗೊತ್ತು. ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಇನ್ನೆರಡು ತುಂಡು ಹೆಚ್ಚಿಗೆ ಕತ್ತರಿಸುತ್ತಾನೆ.

ಶನಿವಾರದ ಮಧ್ಯಾಹ್ನ. ಬ್ಯೊಂಗ್‌ಚೊನ್ ಬೀದಿಯ ಆ ಸೂಪಿನ ಅಂಗಡಿಗೆ ನಮ್ಮ ಕಂಪನಿಯವರು ಬರುವುದಿಲ್ಲ. ಹಾಗಾಗಿಯೇ ನಾವು ಬರುತ್ತಿದ್ದೆವು. ಒಂದೇ ಕಟ್ಟಡದಲ್ಲಿ ಕೆಲಸ ಮಾಡುವ ಇಬ್ಬರು ಪ್ರೀತಿಸುತ್ತಿದ್ದಾರೆ ಎಂದು ಗೊತ್ತಾದರೆ ಕ್ಯಾಂಟೀನಿನಲ್ಲಿ ಅನ್ನಕ್ಕಿಂತ ಮೊದಲು ನಮ್ಮನ್ನೇ ಬಡಿಸಿಕೊಂಡು ತಿನ್ನುತ್ತಾರೆ.

ನಮ್ಮದು ಫೋನಿನ ಪರದೆ ಮಾಡುವ ಕಂಪನಿ. ಫೋನ್ ಮಲಗಿದ ಮೇಲೂ ಕಪ್ಪು ಪರದೆಯ ಮೇಲೆ ಗಡಿಯಾರ ಮಂಕಾಗಿ ಬೆಳಗುತ್ತಿರುತ್ತದಲ್ಲ, ಅದನ್ನು ಕಡಿಮೆ ವಿದ್ಯುತ್ತಿನಲ್ಲಿ ಬೆಳಗಿಸುವುದು ಇನ್ಸುವಿನ ತಂಡದ ಕೆಲಸ. ಹಗಲೂ ರಾತ್ರಿ ಹಾಗೆ ಬೆಳಗಿದ ಗಡಿಯಾರ ಪರದೆಯಲ್ಲಿ ಕಲೆ ಬಿಟ್ಟಿದೆಯೇ ಎಂದು ಹುಡುಕುವುದು ನನ್ನ ಕೆಲಸ. ಅವನು ಬೆಳಗಿಸುತ್ತಾನೆ, ನಾನು ಕಲೆ ಹುಡುಕುತ್ತೇನೆ. ಮದುವೆಯಾಗುವ ಮೊದಲೇ ಕೆಲಸದಲ್ಲಿ ಗಂಡ ಹೆಂಡತಿಯ ಹಾಗಿದ್ದೆವು.

ಲೋಕದ ಫೋನುಗಳನ್ನೆಲ್ಲ ಸದಾ ಬೆಳಗಿಸುವವನು ತನ್ನ ಫೋನನ್ನು ಮಾತ್ರ ಬೋರಲು ಮಲಗಿಸುತ್ತಾನೆ. ದೀಪದ ಬುಡದಲ್ಲಿ ಕತ್ತಲೆ. ಬೋರಲು ಫೋನಿನ ಗಂಡಸನ್ನು ನಂಬಬೇಡ ಎಂದು ನಮ್ಮಲ್ಲಿ ಹೈಸ್ಕೂಲು ಹುಡುಗಿಯರಿಗೂ ಗೊತ್ತು. ನಾನು ತಮಾಷೆ ಮಾಡುತ್ತಿದ್ದೆ, ಆದರೆ ಒತ್ತಿ ಕೇಳುತ್ತಿರಲಿಲ್ಲ. ಒತ್ತಿ ಕೇಳುವ ಮುಖ ನನಗೂ ಇರಲಿಲ್ಲ.

ಏಕೆಂದರೆ ನಾನು ಹನೋಯಿಗೆ ಅರ್ಜಿ ಹಾಕಿದ್ದೆ.

ಹನೋಯಿ ಪಕ್ಕದ ನಮ್ಮ ಹೊಸ ಕಾರ್ಖಾನೆಯಲ್ಲಿ ನಾಲ್ಕು ವರ್ಷದ ಕೆಲಸ. ತಪಾಸಣೆ ವಿಭಾಗವನ್ನು ಮೊದಲಿನಿಂದ ಕಟ್ಟಬೇಕು. ಇಡೀ ಕಟ್ಟಡದಿಂದ ಒಬ್ಬರಿಗೆ ಮಾತ್ರ ಅವಕಾಶ. ಅರ್ಜಿ ಹಾಕಿದಾಗ ಇನ್ಸು ನನಗೆ ಲಿಫ್ಟಿನಲ್ಲಿ ತಲೆಬಾಗಿಸುವ ಒಬ್ಬ ಸಹೋದ್ಯೋಗಿ, ಅಷ್ಟೆ. ಪ್ರೀತಿ ಆಮೇಲೆ ಬಂತು. ಬಂದ ಮೇಲೂ ನಾನು ಅರ್ಜಿ ಹಿಂದೆ ತೆಗೆದುಕೊಳ್ಳಲಿಲ್ಲ. ಆ ಕೆಲಸ ನನಗೆ ಬೇಕಿತ್ತು. ಇನ್ಸು ಕೂಡ ಬೇಕಿತ್ತು. ಎರಡನ್ನೂ ಒಟ್ಟಿಗೆ ಹೇಳುವ ಮಾತು ಸಿಗದೆ ದಿನ ತಳ್ಳುತ್ತಿದ್ದೆ.

ಫಲಿತಾಂಶ ಬರುವುದು ಮುಂದಿನ ಗುರುವಾರ.

* * *

ಸೋಮವಾರ ಬೆಳಿಗ್ಗೆ ಪರೀಕ್ಷೆಯ ಫೋನುಗಳು ವಾಪಸ್ ಬಂದವು. ಹೊಸ ಪರದೆ ಹಾಕಿದ ಫೋನುಗಳನ್ನು ನಮ್ಮ ನೌಕರರಲ್ಲೇ ಕೆಲವರಿಗೆ ಕೊಟ್ಟು, ತಿಂಗಳುಗಟ್ಟಲೆ ಸ್ವಂತದ್ದರ ಹಾಗೆ ಬಳಸಿ ಎನ್ನುತ್ತೇವೆ. ಆಮೇಲೆ ಒಳಗಿರುವುದನ್ನೆಲ್ಲ ಅಳಿಸಿ ಪರದೆಯನ್ನು ಮಾತ್ರ ನೋಡುತ್ತೇವೆ. ಯಾರ ಫೋನ್ ಎಂದು ನಮಗೆ ಹೇಳುವುದಿಲ್ಲ, ಬೆನ್ನಿಗೆ ಒಂದು ಸಂಕೇತ ಅಂಟಿಸಿರುತ್ತಾರೆ.

ಕತ್ತಲೆ ಕೋಣೆಯಲ್ಲಿ ಕಣ್ಣು ಪಳಗುವವರೆಗೆ ಸುಮ್ಮನೆ ಕೂರಬೇಕು. ಆಮೇಲೆ ಪರದೆಯನ್ನು ಮಂದ ಬೂದು ಬಣ್ಣಕ್ಕೆ ತರಬೇಕು. ಚೆನ್ನಾಗಿರುವ ಪರದೆ ಮೋಡ ಕವಿದ ಆಕಾಶದ ಹಾಗೆ ಒಂದೇ ಸಮ ಇರುತ್ತದೆ. ದಣಿದ ಪರದೆಯಲ್ಲಿ ಗಡಿಯಾರ ಇದ್ದ ಜಾಗ ತುಸು ಹಳದಿಯಾಗಿ ಕಾಣುತ್ತದೆ. ನೀಲಿ ಬೆಳಕು ಎಲ್ಲಕ್ಕಿಂತ ಬೇಗ ಸುಸ್ತಾಗುತ್ತದೆ, ಅದು ಕಡಿಮೆಯಾದ ಕಡೆ ಹಳದಿ ಎದ್ದು ಬರುತ್ತದೆ. ಹಾಗಾಗಬಾರದೆಂದು ಗಡಿಯಾರವನ್ನು ಆಗಾಗ ಕೂದಲೆಳೆಯಷ್ಟು ಅತ್ತಿತ್ತ ಸರಿಸುತ್ತಿರುತ್ತಾರೆ. ಆದರೂ ಹೊಸ ಪರದೆಗಳಲ್ಲಿ ಕೆಲವು ಕಲೆ ಉಳಿಸಿಕೊಳ್ಳುತ್ತವೆ. ಅದನ್ನು ಕಾಣಲು ಕಣ್ಣು ಬೇಕು. ನನಗೆ ಆ ಕಣ್ಣಿದೆ, ಜಂಬವಲ್ಲ.

ಮೂರನೆಯ ಫೋನ್ ಕೈಗೆತ್ತಿಕೊಂಡಾಗ ಬೆರಳಿಗೆ ಮೂಲೆಯ ತರಚು ತಾಗಿತು.

ಆ ತರಚು ನನಗೆ ಗೊತ್ತು. ನನ್ನ ಸೈಕಲ್ಲಿನ ಬುಟ್ಟಿಯಿಂದ ಬಿದ್ದು ಆದದ್ದು. ಬಿದ್ದಾಗ ಇನ್ಸು ಫೋನಿಗಿಂತ ಮೊದಲು ನನ್ನ ಮೊಣಕಾಲು ನೋಡಿದ್ದ.

ಎದೆ ಒಮ್ಮೆ ಬೆಚ್ಚಗಾಯಿತು. ನೋಡೋಣ, ನಮ್ಮ ಬೋರಲು ಸಾಹೇಬರ ಗುಟ್ಟು ಏನಿದೆ ಎಂದುಕೊಂಡು ಪರದೆಯನ್ನು ಬೂದು ಮಾಡಿದೆ.

ಒಂದು ಗಡಿಯಾರವಿರಲಿಲ್ಲ. ಎರಡಿದ್ದವು. ಮೇಲೊಂದು, ಅದರ ಕೆಳಗೆ ಚಿಕ್ಕದಾಗಿ ಇನ್ನೊಂದು. ಬೇರೆ ದೇಶದ ಸಮಯ ಬೇಕಾದವರು ಹಾಗೆ ಇಟ್ಟುಕೊಳ್ಳುತ್ತಾರೆ. ಅಂಕಿಗಳು ಬದಲಾಗುತ್ತಿರುವುದರಿಂದ ಒಂದರ ಮೇಲೊಂದು ಬಿದ್ದು ಕಲಸಿಹೋಗಿದ್ದವು. ಆದರೆ ಊರಿನ ಹೆಸರು ಬದಲಾಗುವುದಿಲ್ಲ. ಹಾಗಾಗಿ ಅದರ ಕಲೆ ಎಲ್ಲಕ್ಕಿಂತ ಆಳ. ಮೇಲಿನ ಗಡಿಯಾರದಡಿ ಸಿಯೋಲ್. ಕೆಳಗಿನದರಡಿ ಹನೋಯಿ.

ನಾನು ಕಣ್ಣುಜ್ಜಿ ಮತ್ತೆ ನೋಡಿದೆ. ಹನೋಯಿಯೇ. ಒಂದೆರಡು ವಾರಕ್ಕೆ ಆಗುವ ಕಲೆಯಲ್ಲ ಅದು. ಬೇಸಿಗೆಯ ಶುರುವಿನಿಂದ, ಅಂದರೆ ಈ ಫೋನ್ ಅವನ ಕೈಗೆ ಬಂದಾಗಿನಿಂದ ಆ ಊರು ಅಲ್ಲಿತ್ತು.

ಹಿಂದಿನಿಂದ ನಮ್ಮ ಟೀಮ್ ಲೀಡರ್ ಸುಗ್ಯಂಗ್ ಅಕ್ಕ ಬಗ್ಗಿ ನೋಡಿದರು. "ಅಯ್ಯೋ, ಊರಿನ ಹೆಸರೇ ಅಚ್ಚಾಗಿದೆಯಲ್ಲೇ! ಯಾರೋ ಪಾಪ, ಹನೋಯಿಗೆ ಮನಸ್ಸು ಕೊಟ್ಟು ಕೂತಿದಾರೆ. ಫೇಲ್ ಅಂತ ಹಾಕು."

"ಹೂಂ ಅಕ್ಕ," ಎಂದೆ. ಧ್ವನಿ ನನ್ನದೇ ಅನ್ನಿಸಲಿಲ್ಲ.

ಒಂದೇ ಒಂದು ಜಾಗ. ಇಡೀ ಕಟ್ಟಡದಿಂದ ಒಬ್ಬರು. ಇನ್ಸುವೂ ಅರ್ಜಿ ಹಾಕಿದ್ದಾನೆ! ಹಾಕಿ, ನನ್ನೆದುರು ಕೂತು ನಗುತ್ತಾ ಮೂಲಂಗಿ ಕತ್ತರಿಸಿಕೊಡುತ್ತಿದ್ದಾನೆ. ನನಗೆ ಸಿಟ್ಟು ನೆತ್ತಿಗೇರಿತು. ನಾನೂ ಅದನ್ನೇ ಮಾಡುತ್ತಿದ್ದೆ ಎಂಬುದು ಆ ಹೊತ್ತಿಗೆ ನೆನಪಾಗಲಿಲ್ಲ. ಸಿಟ್ಟಿಗೆ ಅಂಥ ಸೌಕರ್ಯಗಳಿವೆ.

* * *

ಮಧ್ಯಾಹ್ನ ಕಾಫಿ ಮೆಷೀನಿನ ಮುಂದೆ ಇನ್ಸು ತನ್ನ ತಂಡದವರ ಜೊತೆ ನಿಂತಿದ್ದ. ನಾನು ನೇರ ಹೋದೆ. ಆಫೀಸಿನಲ್ಲಿ ನಾವು 'ಅವರು', 'ನೀವು'; ಅವನನ್ನು ಮನೆತನದ ಹೆಸರಿನಿಂದ ಪ್ಯೊ ಎಂದೇ ಕರೆಯಬೇಕು.

"ಪ್ಯೊ ಅವರೇ, ಒಂದು ಡೌಟು."

"ಹೇಳಿ ಯೆರಿಮ್ ಅವರೇ." ಕಣ್ಣಿನಲ್ಲಿ ಮಾತ್ರ ತುಂಟತನ. ಎಲ್ಲರೆದುರು ನನ್ನ ಹೆಸರು ಹೇಳಲು ಸಿಕ್ಕಾಗಲೆಲ್ಲ ಆ ಕಣ್ಣು ಹಾಗೆ ಮಿನುಗುತ್ತದೆ.

"ಪರದೆ ಮೇಲೆ ಒಂದರ ಬದಲು ಎರಡು ಗಡಿಯಾರ ಇಟ್ಕೊಂಡ್ರೆ ವಿದ್ಯುತ್ ಎಷ್ಟು ಜಾಸ್ತಿ ಹೋಗುತ್ತೆ?"

ಅವನ ಕೈಯ ಪೇಪರ್ ಕಪ್ಪು ಬಾಯಿಯ ಹತ್ತಿರವೇ ನಿಂತಿತು.

"ಹೆಚ್ಚೇನಿಲ್ಲ," ಎಂದ. "ಎರಡನೇದು ಚಿಕ್ಕದಿರುತ್ತೆ."

"ಚಿಕ್ಕದಾದ್ರೂ ಕಲೆ ಬಿಡುತ್ತೆ ಪ್ಯೊ ಅವರೇ. ಊರಿನ ಹೆಸರಂತೂ ಹೋಗೋದೇ ಇಲ್ಲ. ಬೆಳಿಗ್ಗೆ ಒಂದು ನೋಡಿದೆ."

ಪಕ್ಕದವನು ನಕ್ಕ. "ತಪಾಸಣೆಯವರಿಗೂ ನಮಗೂ ಜಗಳ ತಪ್ಪಿದ್ದಲ್ಲ ಬಿಡಿ."

ಇನ್ಸು ನಗಲಿಲ್ಲ. "ಆರು ಗಂಟೆಗೆ ವಿವರವಾಗಿ ಮಾತಾಡೋಣ," ಎಂದ. ಮುಖ ಬಿಳಿಚಿತ್ತು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನು ತಿರುಗಿ ನಡೆದೆ. ಕಾಫಿ ತೆಗೆದುಕೊಳ್ಳುವುದನ್ನೂ ಮರೆತಿದ್ದೆ.

* * *

ಗೊಕ್‌ಗ್ಯೊ ಹೊಳೆ ದಂಡೆಯಲ್ಲಿ ಅವನು ಆರಕ್ಕೇ ಕಾಯುತ್ತಿದ್ದ. ಬೀದಿದೀಪದಡಿ ಗಿಂಕೊ ಮರಗಳು ಪೂರ್ತಿ ಹಳದಿಯಾಗಿದ್ದವು. ಕಾಲ ಕೆಳಗೆ ಬಿದ್ದ ಹಣ್ಣಿನ ಕೆಟ್ಟ ವಾಸನೆ. ಫೋಟೋ ತೆಗೆಸಿಕೊಳ್ಳುವ ಜೋಡಿಗಳು ಮೂಗು ಮುಚ್ಚಿಕೊಂಡೇ ನಗುತ್ತಿದ್ದರು.

"ಯಾವಾಗ ಹಾಕಿದೆ ಅರ್ಜಿ?" ಬಂದವಳೇ ಕೇಳಿದೆ.

"ಯಾವ ಅರ್ಜಿ?"

"ನಾಟಕ ಬೇಡ. ಹನೋಯಿಗೆ. ಇರೋದು ಒಂದು ಜಾಗ, ಅದಕ್ಕೆ ನನ್ನ ಬೆನ್ನ ಹಿಂದೆ ನೀನೂ ಹಾಕಿದ್ದೀಯ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ ಫೋನ್ ಬೋರಲು ಹಾಕ್ಕೊಂಡು..."

"ನೀನೂ, ಅಂದೆ." ಅವನು ಮೆಲ್ಲಗೆ ಹೇಳಿದ. "ನೀನೂ ಹಾಕಿದ್ದೀಯ, ಅಂದೆ. ಅಂದ್ರೆ ನೀನು ಹಾಕಿದ್ದು ನಿಜ."

ನಾನು ಚೀಲದ ಪಟ್ಟಿಯನ್ನು ಹೆಗಲ ಮೇಲೆ ಸರಿಮಾಡಿಕೊಂಡೆ.

"ನಾನು ಹಾಕಿಲ್ಲ ಯೆರಿಮ್. ಆ ಗಡಿಯಾರ ನಂದಲ್ಲ, ನಿಂದು."

ಅವನು ಬೆಂಚಿನ ತುದಿಗೆ ಕೂತ. ನಾನು ನಿಂತೇ ಇದ್ದೆ.

"ಮೊದಲ್ನೇ ಸಲ ಸಿನಿಮಾಕ್ಕೆ ಹೋಗಿದ್ವಲ್ಲ, ನೀನು ಪಾಪ್‌ಕಾರ್ನ್ ತರೋಕೆ ಹೋದೆ. ಫೋನ್ ಸೀಟಿನ ಮೇಲೆ ಅಂಗಾತ ಬಿಟ್ಟು ಹೋಗಿದ್ದೆ. ನಾನು ಮುಟ್ಲಿಲ್ಲ, ಆಣೆ. ಅದೇ ಬೆಳಗಿ ತೋರಿಸ್ತು. 'ಹನೋಯಿಗೆ ಹೊರಟವರಿಗೆ ವಿಯೆಟ್ನಾಮಿ, ಇವತ್ತಿನ ಪಾಠ ಬಾಕಿ ಇದೆ' ಅಂತ. ಪ್ರವಾಸಕ್ಕೆ ಹೋಗೋರು ಯಾರಾದ್ರೂ ದಿನಾ ಪಾಠ ಕಲೀತಾರಾ? ಆ ಕೆಲಸಕ್ಕೆ ಭಾಷೆ ಪರೀಕ್ಷೆ ಇದೆ ಅಂತ ಎಲ್ಲರಿಗೂ ಗೊತ್ತು."

ಅವತ್ತು ಪಾಪ್‌ಕಾರ್ನ್ ಹಿಡಿದು ಬಂದಾಗ ಅವನು ನನ್ನನ್ನು ಒಂದು ಥರ ನೋಡಿದ್ದು ನೆನಪಾಯಿತು. ಪ್ರೀತಿ ಶುರುವಾದ ನೋಟ ಅದು ಎಂದು ನಾನು ಎಷ್ಟು ಸಲ ಖುಷಿಪಟ್ಟಿದ್ದೆ!

"ಅಷ್ಟು ದಿನದಿಂದ ಗೊತ್ತಿತ್ತಾ ನಿಂಗೆ?"

"ಗೊತ್ತಿತ್ತು. ಇವತ್ತು ಹೇಳ್ತಾಳೆ, ನಾಳೆ ಹೇಳ್ತಾಳೆ ಅಂತ ಕಾದೆ. ಮಧ್ಯೆ ಅಭ್ಯಾಸ ಆಗ್ಲಿ ಅಂತ ಆ ಗಡಿಯಾರ ಇಟ್ಟೆ. ಅಲ್ಲಿ ಎರಡು ಗಂಟೆ ಹಿಂದೆ. ನಾನು ಊಟಕ್ಕೆ ಕೂತಾಗ ನೀನಿನ್ನೂ ಕೆಲಸದಲ್ಲಿರ್ತೀಯ. ನಾನು ಮಲಗೋ ಹೊತ್ತಿಗೆ ನೀನು ಮನೆಗೆ ಬಂದು ಕೈಕಾಲು ತೊಳೀತಿರ್ತೀಯ. ಹಿಂಗೆ ಲೆಕ್ಕ ಹಾಕ್ಕೊಂಡು ನೋಡ್ತಿದ್ದೆ. ನಿಂಗೆ ಕಾಣ್ಬಾರ್ದು ಅಂತ ಬೋರಲು ಹಾಕ್ತಿದ್ದೆ."

"ಆ ಫೋನ್ ನನ್ನ ಟೇಬಲ್ಲಿಗೆ ಬರಬಹುದು ಅಂತ ಗೊತ್ತಿರ್ಲಿಲ್ವಾ?"

"ನಿಮ್ಮಲ್ಲಿ ಇನ್ನೂ ಮೂರು ಜನ ಇದಾರೆ." ಬೆಂಚಿನ ಮೇಲೆ ಬಿದ್ದ ಹಳದಿ ಎಲೆಯೊಂದನ್ನು ಎತ್ತಿಕೊಂಡು, "ಬರ್ಲಿ ಅಂತಲೂ ಅನ್ನಿಸ್ತಿತ್ತು," ಎಂದ.

ನಾನು ಅವನ ಪಕ್ಕ ಕೂತೆ. ನನ್ನ ಜೊತೆ ನಗುತ್ತಾ ಸೂಪು ಕುಡಿಯುತ್ತಿದ್ದವನು ಅಷ್ಟೂ ದಿನ ನಾನಿಲ್ಲದ ಊಟವನ್ನು ಅಭ್ಯಾಸ ಮಾಡುತ್ತಿದ್ದ. ನನಗೆ ಅವನ ಮೇಲೆ ಕರುಣೆ ಉಕ್ಕಿತು. ಅದರ ಬೆನ್ನಿಗೇ ಸಿಟ್ಟೂ ಬಂತು.

"ಒಂದ್ಸಲ ಕೇಳ್ಬಹುದಿತ್ತಲ್ಲ ಇನ್ಸು! ಹೋಗ್ಬೇಡ ಅನ್ನಬಹುದಿತ್ತು. ಬೈಬಹುದಿತ್ತು. ನಾನು ಹೊರಟೇ ಹೋದೆ ಅಂತ ತೀರ್ಮಾನ ಮಾಡಿ ಗಡಿಯಾರ ಇಟ್ಕೊಂಡು ಕೂತ್ಯಲ್ಲ?"

"ಎರಡು ವರ್ಷದ ಕಡ್ಡಾಯ ಮಿಲಿಟರಿ ಸೇವೆಗೆ ಹೋದಾಗ ಒಬ್ಬಳಿಗೆ ಹೇಳಿದ್ದೆ, ನನಗಾಗಿ ಕಾಯಿ ಅಂತ." ಅವನು ಹೊಳೆಯ ಕಡೆ ನೋಡುತ್ತಿದ್ದ. "ಅವಳು ಕಾದ್ಲು. ಅಳ್ತಾ ಅಳ್ತಾ ಕಾದ್ಲು. ಕೊನೆಗೆ ಆಗ್ಲಿಲ್ಲ."

ಸೈನ್ಯಕ್ಕೆ ಹೋದ ಹುಡುಗನಿಗಾಗಿ ಕಾಯುವವಳನ್ನು ನಮ್ಮಲ್ಲಿ ರಬ್ಬರ್ ಚಪ್ಪಲಿ ತೊಟ್ಟವಳು ಎನ್ನುತ್ತಾರೆ. ಕಾಯಲಾರದೆ ಬಿಟ್ಟು ಹೋದರೆ ಚಪ್ಪಲಿ ತಿರುಗಿಸಿ ಹಾಕಿಕೊಂಡಳು ಎಂದು ನಗುತ್ತಾರೆ. ಇನ್ಸುವಿನ ಬ್ಯಾರಕ್ಕಿನಲ್ಲೂ ನಕ್ಕಿದ್ದರಂತೆ.

"ಎಲ್ಲರೂ ಅವಳಿಗೆ ಬೈದ್ರು. ನಾನು ಬೈಲಿಲ್ಲ. ಅವಳ ಎರಡು ವರ್ಷ ಕೇಳೋಕೆ ನಾನ್ಯಾರು? ಆವತ್ತಿಂದ ಯಾರನ್ನೂ ಇರು ಅಂತಾಗ್ಲಿ, ಕಾಯಿ ಅಂತಾಗ್ಲಿ ಕೇಳಲ್ಲ. ನಿಂಗೆ ಆ ಕೆಲಸ ಇಷ್ಟ. ಹೋಗು."

"ಅಷ್ಟೇನಾ?"

"ಅಷ್ಟೆ."

ನನಗೆ ಬೇಕಾಗಿದ್ದದ್ದು ಅನುಮತಿಯಲ್ಲ. ನಾನು ಹೋದರೆ ಅವನಿಗೆ ನೋವಾಗುತ್ತದೆ ಎಂದು ಅವನ ಬಾಯಿಂದ ಒಮ್ಮೆ ಕೇಳಬೇಕಿತ್ತು. ಅವನ ನೋವನ್ನು ನಾನು ಕತ್ತಲೆ ಕೋಣೆಯಲ್ಲಿ, ಒಂದು ಹಳದಿ ಕಲೆಯಲ್ಲಿ ಓದಿಕೊಳ್ಳಬೇಕಾಯಿತು. ನಾಲ್ಕು ವರ್ಷ ದೂರವಿದ್ದು ಹೀಗೇ ಒಬ್ಬರನ್ನೊಬ್ಬರು ಊಹಿಸಿಕೊಂಡು ಬದುಕಲು ನನ್ನಿಂದಾಗದು.

"ಹಂಗಿದ್ರೆ ಇವತ್ತಿಗೇ ಮುಗೀತು ಬಿಡು," ಎಂದು ಎದ್ದೆ. ಅವನು ತಡೆಯಲಿಲ್ಲ. ನಾಲ್ಕು ಹೆಜ್ಜೆ ಹಾಕಿ ತಿರುಗಿ ನೋಡಿದೆ, ಕೂತೇ ಇದ್ದ. ಬಸ್ಸಿನಲ್ಲಿ ಅಳು ತಡೆಯಲಾಗದೆ ಕಿಟಕಿಯ ಕಡೆ ತಿರುಗಿದೆ. ಪಕ್ಕದ ಅಜ್ಜಿ ಏನೂ ಕೇಳದೆ ಒಂದು ಕಿತ್ತಳೆ ಕೈಗಿಟ್ಟಿತು.

* * *

ಗುರುವಾರ ಆದೇಶ ಬಂತು. ನನ್ನ ಹೆಸರೇ ಇತ್ತು.

ಶುಕ್ರವಾರ ಸಂಜೆ ನನ್ನ ಆಯ್ಕೆಯ ಖುಷಿಗೆ ನಮ್ಮ ತಂಡಕ್ಕೂ ಇನ್ಸುವಿನ ತಂಡಕ್ಕೂ ಕಂಪನಿಯ ಊಟ. ಬರಲಾರೆ ಎನ್ನುವಂತಿಲ್ಲ, ಸನ್ಮಾನ ನನಗೇ. ಉದ್ದನೆಯ ಮೇಜಿನ ಮೇಲೆ ಅಲ್ಲಲ್ಲಿ ಕಾವಲಿ, ಅದರ ಮೇಲೆ ಚುರುಗುಟ್ಟುವ ಹಂದಿ ಮಾಂಸ. ನನ್ನನ್ನು ವಿಭಾಗದ ಮುಖ್ಯಸ್ಥರ ಪಕ್ಕ ಕೂರಿಸಿದರು. ಇನ್ಸು ಬಾಗಿಲ ಹತ್ತಿರದ ಕೊನೆಯಲ್ಲಿದ್ದ. ಸೋಮವಾರದ ಆಮೇಲೆ ನಾವು ಮಾತಾಡಿರಲಿಲ್ಲ. ಅವನು ಮಾಂಸ ಮಗುಚುತ್ತಿದ್ದ, ತಿನ್ನುತ್ತಿರಲಿಲ್ಲ.

ಮುಖ್ಯಸ್ಥರು ಲೋಟ ಎತ್ತಿದರು. ಕೆಟ್ಟವರಲ್ಲ, ಕುಡಿದರೆ ಮಾತು ಜಾಸ್ತಿ.

"ಗು ಯೆರಿಮ್‌ನ ಯಾಕೆ ಆರಿಸಿದ್ವಿ ಗೊತ್ತಾ? ಕಣ್ಣು ಹದ್ದಿನ ಕಣ್ಣು, ಅದೊಂದು. ಇನ್ನೊಂದೇನು ಅಂದ್ರೆ ಹಿಂದೆ ಮುಂದೆ ಎಳೆಯೋರು ಯಾರೂ ಇಲ್ಲ. ಮದುವೆ ಗಿದುವೆ ಯೋಚನೆ ಇದೆಯಾ ಅಂತ ಇಂಟರ್ವ್ಯೂನಲ್ಲಿ ಕೇಳಿದ್ದಕ್ಕೆ, ಯಾರೂ ಇಲ್ಲ ಸರ್ ಅಂತ ಪಟ್ ಅಂತ ಹೇಳಿದ್ಲು. ಹಂಗಿರ್ಬೇಕು!"

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಮೇಜಿನ ಕೊನೆಗೆ ನೋಡಿದೆ. ಇನ್ಸುವಿನ ಕೈಯ ಇಕ್ಕಳ ನಿಂತಿತ್ತು. ಆ ಇಂಟರ್ವ್ಯೂ ಆದದ್ದು ಆಗಸ್ಟಿನಲ್ಲಿ. ಅಂದು ಸಂಜೆ ನಾವಿಬ್ಬರೂ ಒಂದೇ ಕೊಡೆಯಡಿ ಅಂಟಿಕೊಂಡು ನಡೆದಿದ್ದೆವು. ಅವನು ಅದನ್ನೇ ನೆನೆಯುತ್ತಿದ್ದಾನೆಂದು ಅವನ ಮುಖವೇ ಹೇಳುತ್ತಿತ್ತು. ಯಾರೂ ಇಲ್ಲ. ಅವನು ಯಾರೂ ಅಲ್ಲ.

ಅವನು ಕೇಳಲಿಲ್ಲ ಎಂದು ನಾನು ಮುನಿಸಿಕೊಂಡಿದ್ದೆ. ನಾನು ಅವನನ್ನು ಇಲ್ಲವೇ ಇಲ್ಲ ಎಂದುಬಿಟ್ಟಿದ್ದೆ.

"ಇದ್ದಾರೆ ಸರ್," ಎಂದೆ.

"ಏನು?"

"ಇಂಟರ್ವ್ಯೂನಲ್ಲಿ ಸುಳ್ಳು ಹೇಳಿದೆ ಸರ್. ನನಗೊಬ್ಬರಿದ್ದಾರೆ. ಅಲ್ಲಿ ಕೂತಿದ್ದಾರೆ. ಮುಗೀತು ಅಂತ ಸೋಮವಾರ ನಾನೇ ಹೇಳಿ ಬಂದೆ. ಆದ್ರೆ ನನಗೆ ಮುಗಿದಿಲ್ಲ. ಕೆಲಸ ಬೇಕು, ಅವರೂ ಬೇಕು. ಇದರಿಂದ ಕಳಿಸೋದಿಲ್ಲ ಅಂದ್ರೆ ಅದು ನಿಮಗೆ ಬಿಟ್ಟಿದ್ದು."

ಎಲ್ಲ ತಲೆಗಳೂ ಒಟ್ಟಿಗೆ ಬಾಗಿಲ ಕಡೆ ತಿರುಗಿದವು. ಸುಗ್ಯಂಗ್ ಅಕ್ಕ "ಅಯ್ಯಯ್ಯೋ, ಆ ಫೋನು!" ಎಂದು ಬಾಯಿ ಮೇಲೆ ಕೈಯಿಟ್ಟರು. ಮುಖ್ಯಸ್ಥರ ಮುಖ ಕೆಂಪಾಗಿತ್ತು, ಕುಡಿದದ್ದಕ್ಕೋ ನನಗೋ ತಿಳಿಯಲಿಲ್ಲ.

"ಪ್ಯೊ ಇನ್ಸು," ಎಂದರು, "ನೀನೇನಪ್ಪಾ ಹೇಳ್ತೀಯ?"

ಇನ್ಸು ಎದ್ದ. ಇಕ್ಕಳ ಕೈಯಲ್ಲೇ ಇತ್ತು. ಮುಖ್ಯಸ್ಥರನ್ನು ನೋಡಲಿಲ್ಲ, ನನ್ನನ್ನು ನೋಡಿದ. ಅಷ್ಟು ಜನರ ನಡುವೆ ಅವನು ನನ್ನನ್ನು ಹಾಗೆ ನೇರವಾಗಿ ನೋಡಿದ್ದು ಅದೇ ಮೊದಲು.

"ಹೋಗಬೇಡ ಯೆರಿಮ್."

ಕಾವಲಿ ಮಾತ್ರ ಚುರುಗುಟ್ಟುತ್ತಿತ್ತು.

"ಹೋಗಬೇಡ. ನೀನು ಹೋದ್ರೆ ನಂಗೆ ಒಬ್ಬನೇ ಕೂತು ಊಟ ಮಾಡೋಕಾಗಲ್ಲ. ಅಭ್ಯಾಸ ಮಾಡಿ ನೋಡಿದೆ, ಆಗ್ಲೇ ಇಲ್ಲ." ಅವನು ಇಕ್ಕಳವನ್ನು ಮೇಜಿನ ಮೇಲಿಟ್ಟ. "ಇದನ್ನ ನಿಂಗೆ ಹೇಳ್ಬೇಕಿತ್ತು. ಹೇಳಿದ್ದೀನಿ. ಈಗ ಹೋಗು."

ಸಿನಿಮಾ ನೋಡಿದ ಆ ದಿನದಿಂದ ಅವನ ಬಾಯಲ್ಲಿ ತಡೆದು ನಿಂತಿದ್ದ ಮಾತು ಅದು. ಅದನ್ನು ಕೇಳಿದರೆ ಹನೋಯಿಯ ಆಸೆ ಬಿಟ್ಟುಹೋಗಬಹುದೆಂದು ನಾನು ಹೆದರಿದ್ದೆ. ಹಾಗಾಗಲಿಲ್ಲ. ಕೇಳಿದ ಮೇಲೆ ಮೊದಲ ಸಲ ನಾನು ಅಲ್ಲಿಗೆ ಹೋಗಬಲ್ಲೆ ಅನ್ನಿಸಿತು.

"ಹೋಗ್ತೀನಿ," ಎಂದೆ. ಅಳುತ್ತಿದ್ದೆನೆಂದು ಆಗಲೇ ಗೊತ್ತಾಗಿದ್ದು. "ಹೋಗಿ, ದಿನಾ ಫೋನ್ ಮಾಡಿ ನಿನಗೆ ಬೈತೀನಿ."

"ಬೈ," ಎಂದ ಇನ್ಸು.